ಹಿಕ್ಕೆ ನೋಡಲು ದುಡ್ಡು ಕೊಟ್ಟವರು

ಫಿನ್ಲೆಂಡಿನ ಎಸ್ಪೊ ನಗರದಲ್ಲಿರುವ ಕನ್ನಡದವರ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ ಒಂದಲ್ಲ ಒಂದು ಭಾನುವಾರ ನೂಕ್ಸಿಯೊ ಕಾಡಿಗೆ ಹೋಗಲೇಬೇಕು, ಅದೊಂದು ಪದ್ಧತಿ. ಎಸ್ಪೊ ರೈಲು ನಿಲ್ದಾಣದಿಂದ 245ನೇ ನಂಬರಿನ ಬಸ್ಸು ಹೋಗುತ್ತೆ. 1994ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದ ಕಾಡು ಅದು, ಆದರೆ ಗೇಟಿಲ್ಲ, ಟಿಕೆಟ್ಟಿಲ್ಲ. ಫಿನ್ಲೆಂಡಿನಲ್ಲಿ ಕಾಡು ಯಾರದೇ ಆಗಿರಲಿ, ಅದರೊಳಗೆ ನಡೆಯುವ, ಹಣ್ಣು-ಅಣಬೆ ಕೀಳುವ ಹಕ್ಕು ಎಲ್ಲರಿಗೂ ಇದೆ. ಮರ ಕಡಿಯುವಂತಿಲ್ಲ, ನೆಲದ ಪಾಚಿ ಕೀಳುವಂತಿಲ್ಲ, ಜಾಗದವರನ್ನು ಕೇಳದೆ ಬೆಂಕಿ ಹಾಕುವಂತಿಲ್ಲ, ಅಷ್ಟೇ.

ನಮ್ಮ ಮನೆಗೆ ಅಪ್ಪ ಬಂದಾಗ ನಾನು ಗೈಡ್ ಜೊತೆಗಿನ ನಡಿಗೆಗೆ ದುಡ್ಡು ಕಟ್ಟಿದ್ದೆ. ಇಷ್ಟು ಸಲೀಸಾಗಿರುವಾಗ ದುಡ್ಡು ಕೊಟ್ಟು ಗೈಡ್ ಯಾಕೆ ಅಂತ ಅಪ್ಪ ಕೇಳಿದ್ದು ನ್ಯಾಯವೇ. ಸೊರಬದ ಕಡೆಯ ಅಡಿಕೆ ಬೆಳೆಗಾರರು ಅವರು. ಕಾಡು ನೋಡಲು ಜೊತೆಗೊಬ್ಬರು ಬೇಕು ಅನ್ನುವುದೇ ಅವರಿಗೆ ತಮಾಷೆ. ಅದರ ಮೇಲೆ ಹುಲಿ ಇಲ್ಲ, ಆನೆ ಇಲ್ಲ.

ಮೇ ತಿಂಗಳ ಆ ನಡಿಗೆಯಲ್ಲಿ ಗೈಡ್ ಹುಡುಗಿ ಮೊದಲು ಮಾಡಿದ ಕೆಲಸ ಒಂದು ದೊಡ್ಡ ಆಸ್ಪೆನ್ ಮರದ ಬುಡದಲ್ಲಿ ಮಂಡಿಯೂರಿ ಕೂತಿದ್ದು. ಎಲ್ಲರನ್ನೂ ಕೂರಿಸಿದಳು. ಬೇರಿನ ಸಂದಿಯಲ್ಲಿ ಅಕ್ಕಿ ಕಾಳಿನಷ್ಟಿರುವ ಹಳದಿ ಹಿಕ್ಕೆ.

"ಎಂತದೇ ಇದು, ಹಿಕ್ಕೆ ತೋರ್ಸೂಕೆ ದುಡ್ಡು ತಗಂಡ್ಳಾ?" ಅಪ್ಪ ನನ್ನ ಕಿವಿಯಲ್ಲಿ.

ಅದು ಹಾರುವ ಅಳಿಲಿನದು, ನೂಕ್ಸಿಯೊದ ಲಾಂಛನವೇ ಆ ಪ್ರಾಣಿ. ನಮ್ಮ ಮಲೆನಾಡಿನ ಹಾರುಬೆಕ್ಕಿನ ನೆಂಟ ಅನ್ನಬಹುದು. ನಮ್ಮದು ಕೆ.ಜಿ. ಮೀರಿ ತೂಗುತ್ತೆ, ಇದು 150 ಗ್ರಾಂ ಆಸುಪಾಸು. ಕತ್ತಲಾದ ಮೇಲೆ ಹೊರಬರುವ ಪ್ರಾಣಿ, ನಮಗೆ ಕಾಣಲಿಲ್ಲ. ಕಾಣುತ್ತೆ ಅಂತ ಅವಳು ಆಸೆಯನ್ನೂ ಹುಟ್ಟಿಸಲಿಲ್ಲ. ಹಿಕ್ಕೆ ಹಿಡಿದುಕೊಂಡೇ ಇಡೀ ಕಾಡು ಬಿಡಿಸಿಟ್ಟಳು. ತಿನ್ನುವುದು ಆಸ್ಪೆನ್, ಬರ್ಚ್ ಮರಗಳ ಎಲೆ. ಹಿಕ್ಕೆಗೆ ಹಳದಿ ಬಣ್ಣ ಬಂದಿದ್ದು ಹೂಗೊಂಚಲಿನ ಪರಾಗದಿಂದ. ಮರ ಕೊರೆಯಲು ಬಾರದು, ಮರಕುಟಿಗ ಬಿಟ್ಟುಹೋದ ಪೊಟರೆಯೇ ಮನೆ. ಮರಕುಟಿಗಕ್ಕೋ, ಒಳಗೆ ಅಣಬೆ ಹಿಡಿದು ಮೆದುವಾದ ಹಳೇ ಮರ ಸಿಕ್ಕರೆ ಕೊರೆಯುವುದು ಸುಲಭ. ಅಂದರೆ ಮುದಿ ಮರ ಕಡಿದರೆ ಅಳಿಲಿಗೆ ಮನೆಯಿಲ್ಲ. ಅದು ಮರಿ ಮಾಡುವ, ಮಲಗುವ ಜಾಗ ಹಾಳುಮಾಡುವುದು ಕಾನೂನಿನ ಪ್ರಕಾರ ಅಪರಾಧ. ಎಸ್ಪೊದಲ್ಲಿ ರಸ್ತೆಯೋ ಬಡಾವಣೆಯೋ ಮಾಡಬೇಕೆಂದರೆ ಈ ಹಿಕ್ಕೆಯನ್ನು ಹುಡುಕಿ ನಕ್ಷೆಯಲ್ಲಿ ಗುರುತು ಹಾಕಬೇಕಾಗುತ್ತೆ.

ಅಪ್ಪ ಆಮೇಲೆ ಪಿಸುಗುಟ್ಟಲಿಲ್ಲ. ಮುಂದಿನ ಮರದ ಬುಡಕ್ಕೆ ಅವರೇ ಮೊದಲು ಬಗ್ಗಿದರು.

ಬಿದ್ದ ಸ್ಪ್ರೂಸ್ ಮರವೊಂದರ ಹತ್ತಿರ ಅವಳು ಮಕ್ಕಳ ಕೈ ಹಿಡಿದು ಒತ್ತಿಸಿದಳು. ಬೆರಳು ಒಳಗೇ ಹೋಯಿತು. ಫಿನ್ಲೆಂಡಿನ ಕಾಡಿನ ಜೀವಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಸತ್ತ ಮರವನ್ನೇ ನೆಚ್ಚಿಕೊಂಡಿವೆಯಂತೆ: ಅಣಬೆ, ಜೀರುಂಡೆ, ಪಾಚಿ. "ನಮ್ಮಲ್ಲಾದ್ರೆ ಗೆದ್ದಲು ಮೂರು ಮಳೆಗಾಲಕ್ಕೆ ಮುಗಿಸಿ ಹಾಕ್ತಿತ್ತು" ಅಂದರು ಅಪ್ಪ. ನಾನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಅವಳ ಮುಖ ಅರಳಿತು. ಇಲ್ಲಿ ಗೆದ್ದಲೇ ಇಲ್ಲ, ಚಳಿ ಬೇರೆ. ದಪ್ಪ ದಿಮ್ಮಿ ಮಣ್ಣಾಗಲು ಹಲವು ದಶಕ ಬೇಕು. ಅಲ್ಲಿಂದ ಮುಂದೆ ಗೈಡ್ ಯಾರು, ಪ್ರವಾಸಿ ಯಾರು ಗೊತ್ತಾಗದ ಹಾಗೆ ಇಬ್ಬರ ಮಾತು ನಡೆಯಿತು. ನನಗೆ ದುಭಾಷಿ ಕೆಲಸ.

ಜುಲೈ ಕೊನೆಯಲ್ಲಿ ಇನ್ನೊಂದು ಸಲ ಹೋಗೋಣ ಅಂತ ಹೊರಡಿಸಿದವರು ಅಪ್ಪನೇ. ಕಾಡು ಬ್ಲೂಬೆರಿ ಹಣ್ಣಾಗಿ ಎಲ್ಲರ ನಾಲಿಗೆ ನೇರಳೆಯಾಗಿತ್ತು. ಸ್ಪ್ರೂಸ್ ಸೂಜಿ ಎಲೆಗಳನ್ನು ಗುಡ್ಡೆ ಹಾಕಿ ಕಟ್ಟಿದ, ಸೊಂಟದೆತ್ತರದ ಇರುವೆ ಗೂಡೊಂದರ ಮುಂದೆ ಅದೇ ಹುಡುಗಿ ನಿಂತಳು. ದಾರಿ ಬದಿಯ ಗಂಟೆಯಾಕಾರದ ನೀಲಿ ಹೂವೊಂದನ್ನು ಗೂಡಿನ ಮೇಲೆ ಹಿಡಿದಳು. ಇರುವೆಗಳು ಸಿಟ್ಟಾಗಿ ಆಮ್ಲ ಚಿಮ್ಮಿದವು, ನೀಲಿ ಎಸಳಿನ ಮೇಲೆ ಗುಲಾಬಿ ಚುಕ್ಕೆ ಎದ್ದಿತು. ಆಮೇಲೆ ಕರವಸ್ತ್ರವೊಂದನ್ನು ಗೂಡಿನ ಮೇಲೆ ಬೀಸಿ ಎಲ್ಲರ ಮೂಗಿಗೆ ಹಿಡಿದಳು. ಬೇರೆಯವರು ಮುಖ ಕಿವುಚಿದರೆ ಅಪ್ಪ ಎರಡನೇ ಸಲ ಮೂಸಿ, "ಚಗಳಿ ಚಟ್ನಿ ಕಣೇ!" ಅಂದರು. ಕೆಂಪಿರುವೆಯಲ್ಲಿ ಚಟ್ನಿ ಅರೆದು ತಿನ್ನುತ್ತಾರೆ ಅಂತ ತರ್ಜುಮೆ ಮಾಡುವಾಗ ನನಗೆ ಸ್ವಲ್ಪ ಮುಜುಗರ. ಅವಳಿಗೆ ಅದರ ವಿಧಾನವೇ ಬೇಕಿತ್ತು.

ಉಣುಗಿನ ವಿಚಾರ ಅಪ್ಪನಿಗೆ ವಿವರಿಸಬೇಕಿರಲಿಲ್ಲ. ಇಲ್ಲಿನ ಉಣುಗು ತರುವ ಮೆದುಳಿನ ಜ್ವರದ ವೈರಾಣು ನಮ್ಮ ಮಂಗನ ಕಾಯಿಲೆಯ ವೈರಾಣುವಿಗೆ ಹತ್ತಿರದ ಸಂಬಂಧಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಿಗೆ ಬಂದಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ ಅಪ್ಪ ಎಲ್ಲರಿಗಿಂತ ಮೊದಲೇ ತಯಾರಾಗಿದ್ದರು.

ಊರಲ್ಲಿ ಸಫಾರಿ ಜೀಪಿನಿಂದ ಇಳಿದವರನ್ನು ನಾವು ಕೇಳುವುದು ಒಂದೇ: ಹುಲಿ ಕಾಣ್ತಾ? ಕಾಣದಿದ್ದರೆ ದುಡ್ಡು ದಂಡ. ಇಲ್ಲಿ ಒಂದು ಪ್ರಾಣಿಯೂ ಕಾಣದೆ ಎಲ್ಲರೂ ಖುಷಿಯಿಂದ ಬಸ್ಸು ಹತ್ತಿದರು. ಹಾಗಂತ ಫಿನ್ಲೆಂಡಿನವರು ಕಾಡನ್ನು ಪೂಜೆ ಮಾಡುತ್ತಾರೆ ಅಂದುಕೊಳ್ಳಬೇಡಿ. ದೇಶದ ನೆಲದಲ್ಲಿ ಮುಕ್ಕಾಲು ಭಾಗ ಕಾಡು, ನಿಜ. ಅದರಲ್ಲಿ ಬಹುಪಾಲು ಮರದ ದಿಮ್ಮಿ, ಕಾಗದದ ತಿರುಳಿಗೆಂದು ಬೆಳೆಸಿ ಕಡಿಯುವ ಕಾಡು. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಮೆಟ್ಸಾಹಲ್ಲಿಟುಸ್ ಎಂಬ ಸರ್ಕಾರಿ ಸಂಸ್ಥೆಯೇ ಸರ್ಕಾರದ ಕಾಡಿನ ಮರವನ್ನೂ ಮಾರುತ್ತೆ. ಟಾಂಪೆರೆಗೆ ಹೋಗುವ ರೈಲಿನ ಕಿಟಕಿಯಲ್ಲಿ ಒಂದೇ ವಯಸ್ಸಿನ, ಒಂದೇ ಎತ್ತರದ ಪೈನ್ ಮರಗಳನ್ನು ನೋಡಿ ಅಪ್ಪ ತೀರ್ಪು ಕೊಟ್ಟಾಗಿತ್ತು: "ಇದು ಕಾಡಲ್ಲ ಮಾರಾಯ್ತಿ, ತೋಟ. ಭದ್ರಾವತಿ ಕಾಗದದ ಕಾರ್ಖಾನೆಗೆ ಅಂತ ಅಕೇಶಿಯಾ ನೆಟ್ರಲ್ಲ, ಹಾಗೆ."

ಇರುವೆ ಗೂಡಿನ ದಿನ ವಾಪಸಾಗುವಾಗ ಅಪ್ಪ ಅದನ್ನೇ ನನ್ನ ಮೂಲಕ ಗೈಡ್ ಹುಡುಗಿಯನ್ನು ಕೇಳಿದರು: ನೀವು ಜನರನ್ನು ತೋಟಕ್ಕೂ ಕರ್ಕೊಂಡು ಹೋಗ್ತೀರಾ?

ದುಡ್ಡು ಕೊಟ್ಟು ಅಲ್ಲಿಗೆ ಬರುವವರು ಯಾರೂ ಇಲ್ಲ ಅಂತ ಅವಳು ನಕ್ಕಳು. ಶಾಲೆ ಮಕ್ಕಳು ಬಂದಾಗ ಮಾತ್ರ ಪೂರ್ತಿ ಕಡಿದ ಜಾಗವೊಂದಕ್ಕೆ ತಾನಾಗಿಯೇ ಕರೆದುಕೊಂಡು ಹೋಗಿ, ಇಲ್ಲಿ ಹಿಕ್ಕೆ ಹುಡುಕಿ ಅಂತ ಬಿಟ್ಟುಬಿಡುತ್ತಾಳಂತೆ.