ಪೆನ್ಸಿಲ್ವೇನಿಯಾ ಮುಗಿಯೋದೇ ಇಲ್ಲ

ಅಮೆರಿಕದ ಪೂರ್ವ ತುದಿಯ ನ್ಯೂಜೆರ್ಸಿಯಿಂದ ಪಶ್ಚಿಮ ತುದಿಯ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದಲ್ಲಿ ಆರು ಗಂಟೆ ಸಾಕು. ಕಾರಿನಲ್ಲಾದರೆ ಸುಮಾರು 2,900 ಮೈಲಿ, ಅಂದರೆ 4,600 ಕಿಲೋಮೀಟರಿಗೂ ಜಾಸ್ತಿ. "ದುಡ್ಡು ಕೊಟ್ಟು ಯಾಕ್ರಪ್ಪಾ ಸೊಂಟ ನೋಯಿಸಿಕೊಳ್ತೀರಿ?" ಅಂತ ಊರಿಂದ ಅತ್ತೆ ಕೇಳಿದರು. ಉತ್ತರ ಹೇಳುವಷ್ಟರಲ್ಲಿ ಕಾರಿನ ಡಿಕ್ಕಿ ತುಂಬಿತ್ತು.

ಮನೆ ಬಿಡುವ ಮುಂಚೆ ಇಲ್ಲಿ ಒಂದು ಕೆಲಸ ಮರೆಯಬಾರದು. ಅಂಚೆ ಇಲಾಖೆಗೆ ಆನ್‌ಲೈನಿನಲ್ಲಿ ತಿಳಿಸಿದರೆ 30 ದಿನದವರೆಗೆ ನಮ್ಮ ಟಪಾಲನ್ನು ಅವರೇ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಬಾಗಿಲ ಮುಂದಿನ ಡಬ್ಬ ತುಂಬಿ, ಮನೆಯಲ್ಲಿ ಯಾರೂ ಇಲ್ಲ ಅಂತ ಬೀದಿಗೆಲ್ಲ ಗೊತ್ತಾಗುತ್ತದೆ. ಉಳಿದಿದ್ದು ಎಲ್ಲರಿಗೂ ಗೊತ್ತಿರುವುದೇ. ಪುಟ್ಟ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಮೋಟೆಲ್ ರೂಮಿನಲ್ಲಿ ರಾತ್ರಿ ಒಂಬತ್ತಕ್ಕೆ ಹಸಿವಾದಾಗ ಇವುಗಳ ಬೆಲೆ ತಿಳಿಯುತ್ತದೆ.

ದಾರಿ ತಪ್ಪುವ ಭಯವೇನಿಲ್ಲ. ಇಂಟರ್‌ಸ್ಟೇಟ್ 80 ಹಿಡಿದರೆ 11 ರಾಜ್ಯ ದಾಟಿ ಸೀದಾ ಆ ಕಡೆ ತಲುಪಿಸುತ್ತದೆ. ಪೂರ್ವ-ಪಶ್ಚಿಮ ಹೋಗುವ ದೊಡ್ಡ ಹೆದ್ದಾರಿಗಳಿಗೆ ಸಮಸಂಖ್ಯೆ, ಉತ್ತರ-ದಕ್ಷಿಣದವಕ್ಕೆ ಬೆಸ. ಇಷ್ಟು ತಿಳಿದಿದ್ದರೆ ಫೋನಿಗೆ ಸಿಗ್ನಲ್ ಹೋದರೂ ಎತ್ತ ಹೊರಟಿದ್ದೇವೆ ಅನ್ನುವುದಾದರೂ ಗೊತ್ತಿರುತ್ತದೆ.

ಡೆಲವೇರ್ ನದಿಯ ಸೇತುವೆಗೆ ಮುಂಚೆಯೇ ಪೆಟ್ರೋಲ್ ತುಂಬಿಸಿಕೊಂಡೆವು. ನ್ಯೂಜೆರ್ಸಿಯಲ್ಲಿ ನಮ್ಮ ಕಾರಿಗೆ ನಾವೇ ಪೆಟ್ರೋಲ್ ಹಾಕಿಕೊಳ್ಳುವಂತಿಲ್ಲ, ಕಾನೂನೇ ಹಾಗೆ. ಬಂಕಿನ ಹುಡುಗ ಬಂದು ಹಾಕುತ್ತಾನೆ, ನಾವು ಸುಮ್ನೆ ಕೂತಿರಬೇಕು. ನದಿ ದಾಟಿದ ಮೇಲೆ ಆ ರಾಜಯೋಗ ಮುಗಿಯಿತು. ಚಳಿಯಿರಲಿ ಮಳೆಯಿರಲಿ, ಇಳಿದು ನಾವೇ ಪೈಪು ಹಿಡಿಯಬೇಕು.

ಆಚೆ ದಡದಿಂದ ಪೆನ್ಸಿಲ್ವೇನಿಯಾ. ಇಲ್ಲಿ ಮೈಲಿಕಲ್ಲಿನ ಬದಲು ರಸ್ತೆ ಪಕ್ಕ ಪುಟ್ಟ ಹಸಿರು ಫಲಕಗಳಿರುತ್ತವೆ. ಲೆಕ್ಕ ಶುರುವಾಗುವುದು ರಾಜ್ಯದ ಪಶ್ಚಿಮದ ಗಡಿಯಿಂದ. ಪೂರ್ವದಿಂದ ಬರುವ ನಮಗೆ ಅಂಕಿಗಳು ತಲೆಕೆಳಗು, 310ರಿಂದ ಇಳಿಯುತ್ತಾ ಹೋಗುತ್ತವೆ. ಹಿಂದಿನ ಸೀಟಿನ ಮಗಳಿಗೆ ಅದೇ ಆಟವಾಯಿತು. "ಮುನ್ನೂರ ಒಂಬತ್ತು, ಮುನ್ನೂರ ಎಂಟು..." ಇನ್ನೂರ ಎಂಬತ್ತಕ್ಕೆ ನಿದ್ದೆ ಹೋದಳು. ಎದ್ದು ನೋಡಿದರೆ ಇನ್ನೂ ನೂರಾ ತೊಂಬತ್ತು! "ಅಪ್ಪಾ, ಕಾರು ನಿಂತೇ ಇತ್ತಾ?" ಅಂತ ಕೇಳಿದಳು. ತಪ್ಪೇನಿಲ್ಲ. ಬೆಂಗಳೂರಿಂದ ಬೆಳಗಾವಿಗೆ ಹೋದಷ್ಟು ದೂರ, ಕಣ್ಣಿಗೆ ಕಾಣುವುದು ಬರೀ ಮರ, ಗುಡ್ಡ, ಮತ್ತೆ ಮರ. ನಡುವೆ ಒಂದು ಬೋರ್ಡು ಬಂತು: ಮಿಸಿಸಿಪ್ಪಿ ನದಿಯಿಂದ ಪೂರ್ವಕ್ಕೆ ಈ ಹೆದ್ದಾರಿಯ ಅತಿ ಎತ್ತರದ ಜಾಗ ಇದೇ, 2,250 ಅಡಿ. ಬೆಂಗಳೂರೇ ಇದಕ್ಕಿಂತ ಎತ್ತರ ಅಲ್ವಾ ಅಂತ ನನ್ನ ಹೆಂಡತಿ ನಕ್ಕಳು.

ಸಂಜೆ ಓಹಾಯೋ ಗಡಿಯ ಹತ್ತಿರ ಫಲಕದ ಅಂಕಿ ಒಂದಕ್ಕೆ ಇಳಿದಾಗ ಮಗಳು ಚಪ್ಪಾಳೆ ತಟ್ಟಿದಳು. ಮುಂದೆ ನೆಬ್ರಾಸ್ಕಾದಲ್ಲಿ ಲೆಕ್ಕ 455ರಿಂದ ಶುರು ಅಂತ ಅವಳಿಗೆ ಇನ್ನೂ ಹೇಳಿಲ್ಲ.