ಬೇವಿನ ಗಿಡ ಬೆವತ ದಿನ

ಗಿಡಕ್ಕೂ ಜೀವ ಇದೆ ಎಂದು ಸಣ್ಣ ಮಕ್ಕಳಿಗೆ ಹೇಳಿಕೊಡುವುದು ಕಷ್ಟವಲ್ಲ. ಒಮ್ಮೆ ಹೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ ತಿರುಗಿ ಹೇಳುತ್ತದೆ. ಆದರೆ ಅಂಗಳದಲ್ಲಿರುವ ಬೇವಿನ ಗಿಡ ಈಗ, ನಾವು ಊಟಕ್ಕೆ ಕೂತಿರುವಾಗಲೂ, ಏನೋ ಕೆಲಸ ಮಾಡುತ್ತಿದೆ ಎಂದು ಅವರಿಗೆ ಅನ್ನಿಸಬೇಕಲ್ವಾ? ಅದು ಬಾಯಿಮಾತಿನಿಂದ ಆಗುವುದಿಲ್ಲ. ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು.

ನಾನು ಕಲಿಸುವ ಶಾಲೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಸುತ್ತ ನಿಂಬೆ ತೋಟಗಳು. ನನ್ನ ಕೈಯಲ್ಲಿರುವುದು ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಮಕ್ಕಳು, ಅಂದರೆ ಚಟುವಟಿಕೆ ಮಾಡುತ್ತಾ ಒಟ್ಟಿಗೇ ಕಲಿಯುವವರು. ಯುಗಾದಿ ಆಗಿ ಸ್ವಲ್ಪ ದಿನವಾಗಿತ್ತು. ಬೇವು ಹಳೆ ಎಲೆ ಉದುರಿಸಿ, ಹೊಸ ಎಲೆ ತುಂಬಿಕೊಂಡು, ಹೂ ಬಿಟ್ಟು ನಿಂತಿತ್ತು. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೆಲ ಬಿರುಕು ಬಿಟ್ಟಿರುತ್ತದೆ. ಅಂಥ ಹೊತ್ತಲ್ಲೇ ಈ ಗಿಡ ಹೊಸದಾಗಿ ಚಿಗುರುವುದು ನೋಡಿದರೆ ನನಗೆ ಪ್ರತಿ ವರ್ಷವೂ ಆಶ್ಚರ್ಯವಾಗುತ್ತದೆ. ಅದೇ ಆಶ್ಚರ್ಯ ಮಕ್ಕಳಿಗೂ ಆಗಲಿ ಎಂಬುದು ನನ್ನ ಆಸೆ.

ಬೆಳಗಿನ ಶಾಲೆ. ಬಿಸಿಲು ಏರುವ ಮೊದಲೇ ಮಕ್ಕಳನ್ನು ಗಿಡದ ಕೆಳಗೆ ಕರೆದುಕೊಂಡು ಹೋದೆ. ಕೈಗೆ ಎಟುಕುವ ಟೊಂಗೆಯೊಂದನ್ನು ಆರಿಸಿದೆವು. ಎಲೆಗಳ ಸಮೇತ ಅದನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ತೂರಿಸಿ, ಬಾಯಿಗೆ ದಾರ ಸುತ್ತಿ ಬಿಗಿಯಾಗಿ ಕಟ್ಟಿದೆವು. ಏನಾಗುತ್ತದೆ ಎಂದು ನಾನು ಹೇಳಲಿಲ್ಲ. "ಏನ್ ಆಗಬಹುದು, ನೀವೇ ಹೇಳ್ರಿ" ಅಂದೆ. ಎಲೆ ಒಣಗ್ತಾವು ಅಂದರು ಕೆಲವರು. ಒಳಗೆ ಹುಳ ಹುಟ್ಟತಾವು ಅಂದ ಒಬ್ಬ. ಏನೂ ಆಗಂಗಿಲ್ರಿ ಅಂದವರೇ ಜಾಸ್ತಿ. ಎಲ್ಲವನ್ನೂ ಹಲಗೆಯ ಮೇಲೆ ಬರೆದಿಟ್ಟೆ.

ಒಂದು ತಾಸು ಕಳೆಯುವಷ್ಟರಲ್ಲಿ ಚೀಲ ಒಳಗಿನಿಂದ ಮಸುಕಾಯಿತು. ಶಾಲೆ ಬಿಡುವ ಹೊತ್ತಿಗೆ ಸಣ್ಣ ಹನಿಗಳು ಕೂಡಿ ಚೀಲದ ಮೂಲೆಗೆ ಇಳಿದಿದ್ದವು. ಎರಡನೇ ತರಗತಿಯ ಹುಡುಗಿಯೊಬ್ಬಳು ಬೆರಳಿನಿಂದ ಚೀಲವನ್ನು ಹೊರಗಿನಿಂದ ತಟ್ಟಿ ನೋಡಿ ಕೂಗಿದಳು: "ಟೀಚರ್ರ, ಗಿಡಾ ಬೆವತೈತ್ರಿ!"

ಉಳಿದವರು ಓಡಿ ಬಂದರು. ಆದರೆ ಆ ದಿನದ ನಿಜವಾದ ವಿಜ್ಞಾನ ಶುರುವಾದದ್ದು ಆಮೇಲೆ. ಮೂರನೇ ತರಗತಿಯ ಹುಡುಗನೊಬ್ಬ ಒಪ್ಪಲಿಲ್ಲ. "ಚೀಲದಾಗ ಮೊದ್ಲ ನೀರ ಇತ್ತೋ ಏನೋ. ಗಿಡದ್ದ ಅಂತ ಹೆಂಗ ಹೇಳ್ತೀರಿ?" ಅಂದ. ಎಷ್ಟು ಒಳ್ಳೆಯ ಪ್ರಶ್ನೆ! ದೊಡ್ಡವರು ಇಂಥದ್ದನ್ನು ಕೇಳುವುದು ಕಡಿಮೆ. "ಹಂಗಾದ್ರ ಏನ್ ಮಾಡೂಣು?" ಎಂದು ಅವನಿಗೇ ಬಿಟ್ಟೆ. ಮರುದಿನ ಮೂರು ಚೀಲ ಕಟ್ಟಿದೆವು. ಒಂದು ಎಲೆ ಇರುವ ಟೊಂಗೆಗೆ, ಒಂದು ಒಣಗಿದ ಕಡ್ಡಿಗೆ, ಇನ್ನೊಂದರೊಳಗೆ ಏನೂ ಇಲ್ಲ, ಬರೀ ಚೀಲ. ಎಲೆ ಇದ್ದ ಚೀಲದಲ್ಲಿ ಮಾತ್ರ ನೀರು ಕೂಡಿತು. ಆ ಹುಡುಗ ಮೂರನ್ನೂ ಬಿಸಿಲಿಗೆ ಹಿಡಿದು ನೋಡಿ, "ಖರೇ ಐತ್ರಿ" ಅಂದ. ನೋಡಿದ ಮೇಲೆ ಚೀಲಗಳನ್ನು ಅಂದೇ ಬಿಚ್ಚಿದೆವು. ಬಿಸಿಲಲ್ಲಿ ಹಾಗೇ ಬಿಟ್ಟರೆ ಒಳಗಿನ ಎಲೆ ಬೆಂದುಹೋಗುತ್ತವೆ.

ನೀರು ಎಲೆಯ ಯಾವ ಕಡೆಯಿಂದ ಬರುತ್ತದೆ? ಇದಕ್ಕೆ ನಿಂಬೆ ಎಲೆ ತರಿಸಿದೆ, ತೋಟದ ಮಕ್ಕಳಿಗೆ ಅದೇನು ದೊಡ್ಡದಲ್ಲ. ಒಂದೇ ಅಳತೆಯ ನಾಲ್ಕು ಎಲೆ. ಒಂದಕ್ಕೆ ಮೇಲೆ ವ್ಯಾಸಲೀನ್, ಒಂದಕ್ಕೆ ಕೆಳಗೆ, ಒಂದಕ್ಕೆ ಎರಡೂ ಕಡೆ, ಇನ್ನೊಂದಕ್ಕೆ ಏನೂ ಇಲ್ಲ. ತೊಟ್ಟಿಗೂ ಹಚ್ಚಿ, ಕೋಣೆಯೊಳಗೆ ದಾರಕ್ಕೆ ತೂಗುಹಾಕಿದೆವು. ಏನೂ ಹಚ್ಚದ ಎಲೆ, ಮೇಲೆ ಮಾತ್ರ ಹಚ್ಚಿದ ಎಲೆ ಬೇಗ ಮುದುಡಿದವು. ಕೆಳಗೆ ಹಚ್ಚಿದ ಎಲೆ ಹಸಿರಾಗೇ ಉಳಿಯಿತು. ನಿಂಬೆ ಎಲೆಯ ಸಣ್ಣ ಬಾಯಿಗಳು ಇರುವುದು ಹೆಚ್ಚಾಗಿ ಕೆಳಗಿನ ಮೈಯಲ್ಲಿ. ಆ ಬಾಯಿಗಳಿಗೆ ಪತ್ರರಂಧ್ರ, ಎಲೆ ಹೀಗೆ ನೀರು ಬಿಡುವುದಕ್ಕೆ ಬಾಷ್ಪವಿಸರ್ಜನೆ ಎಂಬ ಹೆಸರುಗಳನ್ನು ನಾನು ಹೇಳಲಿಲ್ಲ. ಅವು ಮುಂದಿನ ತರಗತಿಗಳಲ್ಲಿ ಬರುತ್ತವೆ. ಆಗ ಈ ಮಕ್ಕಳಿಗೆ ಆ ಹೆಸರಿನ ಹಿಂದೆ ತಾವು ಕಂಡ ಒಂದು ಎಲೆ ಇರುತ್ತದೆ.

ಆಗಲೇ ತೋಟದ ಮನೆಯ ಹುಡುಗಿ ಒಂದು ಮಾತು ಹೇಳಿದಳು. "ಅದಕ್ಕ ನಮ್ಮಪ್ಪ ಬ್ಯಾಸಿಗ್ಯಾಗ ಟ್ಯಾಂಕರ್ ನೀರ ಹಾಕಸ್ತಾನ್ರಿ. ಎಲಿ ಎಲ್ಲಾ ನೀರ ಬಿಟ್ಟಬಿಡ್ತಾವು." ಬೋರ್‌ವೆಲ್ ಬತ್ತಿದ ವರ್ಷಗಳಲ್ಲಿ ನಮ್ಮ ಕಡೆಯ ರೈತರು ದುಡ್ಡು ಕೊಟ್ಟು ಟ್ಯಾಂಕರ್ ತರಿಸಿ ನಿಂಬೆ ಉಳಿಸಿಕೊಂಡಿದ್ದಾರೆ. ಆ ಖರ್ಚಿನ ಚಿಂತೆಯನ್ನು ಮನೆಯಲ್ಲಿ ಕೇಳಿಯೇ ಬೆಳೆದ ಮಗು ಅದು. ಚೀಲದ ಹನಿಯನ್ನೂ ಅಪ್ಪನ ಟ್ಯಾಂಕರನ್ನೂ ಅವಳೇ ಜೋಡಿಸಿಕೊಂಡಳು. ಇದನ್ನು ನಾನು ಕಲಿಸಲು ಆಗುತ್ತಿರಲಿಲ್ಲ.

ನೆರಳಿನ ಪಾಠವೂ ಹೀಗೇ ಬಂತು. ಬಿಸಿಯೂಟದ ತಗಡಿನ ಶೆಡ್ಡಿನ ಕೆಳಗೂ ನೆರಳು, ಬೇವಿನ ಕೆಳಗೂ ನೆರಳು. ಎರಡೂ ಕಡೆ ನೆಲಕ್ಕೆ ಅಂಗೈ ಊರಿ ನೋಡಿ ಅಂದೆ. ಬೇವಿನ ಕೆಳಗೆ ತಣ್ಣಗಿತ್ತು. ತಗಡು ಕಾದು ಕೆಳಗೂ ಕಾವು ಬಿಡುತ್ತದೆ. ಎಲೆ ನೀರನ್ನು ಆವಿ ಮಾಡುವಾಗ ಕಾವನ್ನು ಎಳೆದುಕೊಂಡು ತಾನೂ ತಣ್ಣಗಿರುತ್ತದೆ. ಮಣ್ಣಿನ ಗಡಿಗೆ ಹೊರಗೆಲ್ಲ ಜಿನುಗುತ್ತಾ ಒಳಗಿನ ನೀರನ್ನು ತಣ್ಣಗಿಡುವ ಹಾಗೆ ಎಂದು ಹೇಳಿದ ಕೂಡಲೇ ಅರ್ಥವಾಯಿತು. ಎಲ್ಲರ ಮನೆಯಲ್ಲೂ ಗಡಿಗೆ ಇದೆ.

ಕಡಿದ ಕಾಂಡದಲ್ಲಿ ಉಂಗುರ ಎಣಿಸಿ ವಯಸ್ಸು ಹೇಳುವ ಚಟುವಟಿಕೆ ಬಹಳ ಜನಪ್ರಿಯ. ನಾನು ಅದನ್ನು ಮಾಡಿಸಲಿಲ್ಲ. ತೇಗದಲ್ಲಿ ಉಂಗುರ ಚೆನ್ನಾಗಿ ಕಾಣುತ್ತವೆ, ನಮ್ಮ ಸೀಮೆಯ ಎಲ್ಲ ಗಿಡಗಳಲ್ಲಿ ಹಾಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕಿಂತ ಬೊಡ್ಡೆಗೆ ಹಗ್ಗ ಸುತ್ತಿ, ಗಂಟು ಹಾಕಿ, ಆ ಹಗ್ಗವನ್ನು ಮುಂದಿನ ವರ್ಷಕ್ಕೆ ಎತ್ತಿಡುವುದು ಒಳ್ಳೆಯದು. ಬೊಡ್ಡೆಯ ಮೇಲೆ ಪ್ರತಿ ಮಗುವಿನ ಎತ್ತರಕ್ಕೆ ಸುಣ್ಣದ ಗುರುತೂ ಹಾಕಿದೆವು. ಮಕ್ಕಳು ಎತ್ತರ ಆಗುತ್ತಾರೆ, ಗುರುತು ಮಾತ್ರ ಇದ್ದಲ್ಲೇ ಇರುತ್ತದೆ. ಯಾಕೆಂದರೆ ಗಿಡ ಮೇಲಕ್ಕೆ ಬೆಳೆಯುವುದು ತುದಿಗಳಲ್ಲಿ, ಬೊಡ್ಡೆ ದಪ್ಪ ಆಗುತ್ತದೆ ಅಷ್ಟೇ. ಇದನ್ನು ಮಕ್ಕಳು ಇನ್ನೂ ನಂಬಿಲ್ಲ. ನಂಬಬೇಕಾಗಿಯೂ ಇಲ್ಲ, ಬರುವ ವರ್ಷ ಅಲ್ಲೇ ನಿಂತು ನೋಡುತ್ತಾರೆ.

ವಿಜಯಪುರ ನಗರದಲ್ಲಿ ಆಫ್ರಿಕಾ ಮೂಲದ ದೊಡ್ಡ ಹುಣಸೆ ಎಂಬ ಮರ ಇದೆ, ಬಾವೊಬಾಬ್ ಅಂತಲೂ ಅನ್ನುತ್ತಾರೆ. ಅದರ ಚಿತ್ರ ತೋರಿಸಿದೆ. ಉಬ್ಬಿದ ಕಾಂಡದಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಒಣ ಕಾಲದಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ ಎಂದೆ. "ಎಲಿ ಇಲ್ಲಂದ್ರ ಬೆವರಂಗಿಲ್ಲಲ್ರಿ, ನೀರ ಉಳಿತೈತಿ" ಅಂದ, ಅದೇ ಒಪ್ಪದ ಹುಡುಗ.

ಜೂನ್ 5ರ ಪರಿಸರ ದಿನದಂದು ಎಲ್ಲ ಕಡೆಯ ಹಾಗೆ ನಮ್ಮಲ್ಲೂ ಸಸಿ ನೆಟ್ಟೆವು. ಫೋಟೋ ತೆಗೆದು ಮರೆತುಬಿಡುವ ಸಸಿಗಳನ್ನು ನೋಡಿ ನನಗೆ ಸಂಕಟವಾಗುತ್ತದೆ. ಈ ಸಲ ಮಕ್ಕಳೇ ಲೆಕ್ಕ ಹಾಕಿದರು: ಬೇರು ಇನ್ನೂ ಹಿಡಿದಿಲ್ಲ, ಎಲೆ ನೀರು ಬಿಡುತ್ತಲೇ ಇರುತ್ತದೆ. ಸಸಿಗಳಿಗೆ ಜೋಳದ ಕಣಿಕೆಯಿಂದ ನೆರಳು ಕಟ್ಟಿದರು. ಊಟದ ತಟ್ಟೆ ತೊಳೆದ ನೀರನ್ನು ಬುಡಕ್ಕೆ ಹಾಕುತ್ತಿದ್ದಾರೆ. ಒಂದು ಹೊಂಗೆಯನ್ನು ಆಡು ತಿಂದು ಹಾಕಿತು. ಈಗ ಉಳಿದವುಗಳ ಸುತ್ತ ಜಾಲಿ ಕಂಟಿ ಹಚ್ಚಬೇಕು ಎಂದು ಹಿಡಿದುಕೊಂಡಿದ್ದಾರೆ. ಮುಳ್ಳು ಕಡಿಯುವ ಕೆಲಸ ಮಕ್ಕಳದ್ದಲ್ಲ, ಶನಿವಾರ ಪಾಲಕರು ಬರುತ್ತೇವೆ ಅಂದಿದ್ದಾರೆ.