ಬ್ರಾಕೆಟ್ ಒಳಗಿನ 1.5

14 ನವೆಂಬರ್ 2024, ಗುರುವಾರ, ರಾತ್ರಿ 10.40

ಶೂ ವಾಪಸ್ ಮಾಡೋಕೆ ಇನ್ನು ಉಳಿದಿರೋದು ನಾಳೆ ಒಂದೇ ದಿನ.

ಅಪ್ಪನ ಶೂ ಫೋಟೋ ಮತ್ತೆ ತೆಗೆದೆ. ಬೆಳಿಗ್ಗೆಯಿಂದ ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ. ಚೀನಾದ ಅಂಗಡಿಯಿಂದ ನಮ್ಮ ಪರವಾಗಿ ಕೊಂಡು, ತಮ್ಮ ಗೋಡೌನಿನಲ್ಲಿ ಇಟ್ಟು, ನಾವು ಫೋಟೋ ನೋಡಿ ಒಪ್ಪಿದ ಮೇಲೆ ಇಲ್ಲಿಗೆ ಕಳಿಸೋರು ಏಜೆಂಟ್. ಅವರು ಗೋಡೌನಿನಿಂದ ಐದು ಫೋಟೋ ಕಳಿಸಿದ್ದಾರೆ. ಮೊದಲ ನಾಲ್ಕರಲ್ಲಿ ಏನೂ ತಕರಾರಿಲ್ಲ. ಕಂದು ಬಣ್ಣ ನಾವು ಕೇಳಿದ್ದೇ, ಹೊಲಿಗೆ ಚೆನ್ನಾಗಿದೆ, ಅಡಿ ಗಟ್ಟಿಯಾಗಿ ಕಾಣುತ್ತದೆ. ಐದನೆಯದು ಶೂ ಒಳಗಿನ ಲೇಬಲ್. ಯಾರದೋ ಹೆಬ್ಬೆರಳು ಲೇಸ್ ಕೆಳಗಿನ ಪಟ್ಟಿಯನ್ನು ಹಿಂದಕ್ಕೆ ಒತ್ತಿ ಹಿಡಿದಿದೆ, ಉಗುರಿನ ಪಕ್ಕ ಟೇಪಿನ ಅಂಟು ಮೆತ್ತಿಕೊಂಡಿದೆ, ಆ ಬೆರಳಿನ ಮೇಲುಗಡೆ ಸಣ್ಣ ಅಕ್ಷರದಲ್ಲಿ 260, ಅದರ ಪಕ್ಕ ಬ್ರಾಕೆಟ್‌ನಲ್ಲಿ 1.5.

ನಾನು ಆರ್ಡರ್ ಮಾಡಿದ್ದು 260, ಬ್ರಾಕೆಟ್‌ನಲ್ಲಿ 2.5.

ಚೀನಾದಲ್ಲಿ ಶೂ ನಂಬರ್ ಅಂದರೆ ಪಾದದ ಉದ್ದ, ಮಿಲಿಮೀಟರ್ ಲೆಕ್ಕದಲ್ಲಿ. 260 ಅಂದರೆ 26 ಸೆಂಟಿಮೀಟರ್ ಪಾದ. ಅದನ್ನೇ 42 ಅಂತಲೂ ಹೇಳ್ತಾರೆ, ಸೆಂಟಿಮೀಟರನ್ನು ಎರಡರಷ್ಟು ಮಾಡಿ ಹತ್ತು ಕಳೆದರೆ ಆ ನಂಬರ್ ಬರುತ್ತದೆ. ಇಷ್ಟು ಎಲ್ಲರಿಗೂ ಬೇಗ ಗೊತ್ತಾಗುತ್ತದೆ. ಪಕ್ಕದ ಬ್ರಾಕೆಟ್ ಯಾರೂ ನೋಡಲ್ಲ. ಅದು ಪಾದದ ಸುತ್ತಳತೆಯದ್ದು, ಬೆರಳುಗಳ ಬುಡದ ಹತ್ತಿರ ಪಾದ ಎಲ್ಲಿ ತುಂಬ ಅಗಲವೋ ಅಲ್ಲಿನದು. ನಂಬರ್ ದೊಡ್ಡದಾದಷ್ಟೂ ಶೂ ಅಗಲ. ಒಂದು ನಂಬರ್ ಹೆಚ್ಚಾದರೆ ಸುತ್ತಳತೆ 7 ಮಿಲಿಮೀಟರ್ ಹೆಚ್ಚು. 7 ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಅಪ್ಪನ ಎಡಗಾಲು ನೋಡಿದವರಿಗೆ ಹಾಗನ್ನಿಸಲ್ಲ.

ಆ ಕಾಲಿನ ಅಳತೆ ತೆಗೆದ ದಿನ ನೆನಪಾಗುತ್ತಿದೆ. ನೆಲದ ಮೇಲೆ ಹಳೇ ಪೇಪರ್ ಹಾಸಿ, ಅಪ್ಪನನ್ನು ನಿಲ್ಲಿಸಿ, ಪೆನ್ಸಿಲ್ ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದೆ. ಕಿರುಬೆರಳ ಹತ್ತಿರ ಬಂದಾಗ ಕಚಗುಳಿ ಆಗಿ ಬೆರಳು ಮಡಚಿಕೊಂಡರು, ಗೆರೆ ಅಲ್ಲೇ ಒಂದು ಸುತ್ತು ಸೊಟ್ಟ ಆಯಿತು. ಹಳೇ ಪೆಟ್ಟಿನ ಕಾಲು ಅದು, ಬಲಗಾಲಿಗಿಂತ ಅಗಲ. ಅವರ ಕಾಲಿಗೆ ಆಗೋ ಶೂ ಎಲ್ಲೂ ಸಿಗದೆ, ಎರಡು ನಂಬರ್ ದೊಡ್ಡದು ತಗೊಂಡು ಮುಂದೆ ಹತ್ತಿ ತುರುಕಿ ಹಾಕಿಕೊಳ್ಳೋದು ಎಷ್ಟು ವರ್ಷದಿಂದ ನೋಡಿದ್ದೇನೆ. ಅಗಲದ ಲೆಕ್ಕ ಇಟ್ಟು ಮಾಡೋ ಅಂಗಡಿ ಒಂದು ಸಿಕ್ಕಿತು ಅಂತ ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಅಂಗಡಿಯವರು ಹೊರದೇಶಕ್ಕೆ ಕಳಿಸಲ್ಲ. ಅದಕ್ಕೇ ಏಜೆಂಟ್ ಹಿಡಿದಿದ್ದು.

ಪಾರ್ಸೆಲ್ ಗೋಡೌನಿಗೆ ಬಂದು ಸಹಿ ಆಗಿದ್ದು 8ನೇ ತಾರೀಖು, ಶುಕ್ರವಾರ. ಅಲ್ಲಿನ ಗ್ರಾಹಕರ ಕಾನೂನಿನಲ್ಲಿ ಆನ್‌ಲೈನ್ ಖರೀದಿಗೆ ಏಳು ದಿನದ ವಾಪಸ್ ಇದೆ, ಕಾರಣ ಹೇಳಬೇಕಿಲ್ಲ, 2014ರ ಮಾರ್ಚ್ 15ರಿಂದ ಬಂದ ನಿಯಮ. ದಿನ ಎಣಿಸೋದು ಸಹಿಯಾದ ಮರುದಿನದಿಂದ. ಅಂದರೆ 9ರಿಂದ 15. ಇಲ್ಲಿ ಎಲ್ಲರೂ ಎಡವೋದು ಎಲ್ಲಿ ಅಂದರೆ, ಆ ಸಹಿ ನಮ್ಮದಲ್ಲ. ಗೋಡೌನಿನವರದ್ದು. ನಾವು ವಸ್ತುವಿನ ಮುಖ ನೋಡೋ ಮೊದಲೇ ದಿನ ಓಡುತ್ತಾ ಇರುತ್ತದೆ. ನವೆಂಬರ್ 11ರ ಸೇಲ್, 2009ರಿಂದ ನಡೆಯುತ್ತಾ ಬಂದಿದೆ, ಆ ವಾರ ಗೋಡೌನ್ ತುಂಬಿ ತುಳುಕುತ್ತದೆ. ಹಾಗಾಗಿ ನನಗೆ ಫೋಟೋ ಬಂದಿದ್ದು 12ರ ರಾತ್ರಿ. ನಾಲ್ಕು ದಿನ ಅಲ್ಲೇ ಹೋಯಿತು.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ.

"ಚರ್ಮದ ಶೂ ಅಲ್ವಾ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಬಿಡು. ಕಳಿಸಿಬಿಡು ಅನ್ನು," ಅಂದಳು.

"ಸಡಿಲ ಆಗೋವರೆಗೆ ಅಪ್ಪನ ಕಾಲು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದರೆ ತರಿಸಿಕೋ, ಆಗದಿದ್ದರೆ ಇಲ್ಲಿಂದ ವಾಪಸ್ ಕಳಿಸೋಣ. ಖರ್ಚು ನಾನು ಕೊಡ್ತೀನಿ."

ಅವಳು ಪ್ರೀತಿಯಿಂದ ಹೇಳಿದ್ದು, ನನಗೆ ಗೊತ್ತು. ಆದರೆ ಒಂದು ಸಲ ಗಡಿ ದಾಟಿದ ಮೇಲೆ ವಾಪಸ್ ಅನ್ನೋದು ಮಾತಿಗಷ್ಟೇ. ಬರುವಾಗ ಕೊಟ್ಟ ಕೊರಿಯರ್ ಹಣ ಹೋಯಿತು, ಹೋಗುವಾಗ ಮತ್ತೆ ಕೊಡಬೇಕು, ಅಲ್ಲಿ ಅದು ಹೊರಗಿಂದ ಬಂದ ಮಾಲು ಅಂತ ಕಸ್ಟಮ್ಸ್‌ನಲ್ಲಿ ನಿಲ್ಲಬೇಕು, ಇಲ್ಲಿ ಕಟ್ಟಿದ ಸುಂಕ ಬಿಡಿಸಿಕೊಳ್ಳೋಕೆ ಕಾಗದ ಹಿಡಿದು ಓಡಾಡಬೇಕು, ಅಷ್ಟರಲ್ಲಿ ಏಳು ದಿನ ಮುಗಿದು ಎಷ್ಟೋ ವಾರ ಆಗಿರುತ್ತದೆ, ಅಂಗಡಿಯವರು ಬಾಗಿಲು ತೆಗೆಯಬೇಕು ಅಂತ ಯಾವ ನಿಯಮವೂ ಇರಲ್ಲ. ಇದನ್ನೆಲ್ಲ ಹೇಳಿದೆ. "ಹಾಗಾದರೆ ಅಳತೆ ಕೊಟ್ಟು ಮಾಡಿಸಬೇಕಿತ್ತು," ಅಂದಳು. ಅದನ್ನೂ ಯೋಚಿಸಿದ್ದೆ. ಅಳತೆ ಕೊಟ್ಟು ಮಾಡಿಸಿದ ವಸ್ತುವಿಗೆ ಈ ಏಳು ದಿನದ ನಿಯಮವೇ ಇಲ್ಲ.

ಭಾವ ಹಿಂದಿನಿಂದ, "ಕಾರ್ಡ್ ಬ್ಯಾಂಕಿಗೆ ದೂರು ಕೊಡು, ದುಡ್ಡು ವಾಪಸ್ ಬರುತ್ತೆ," ಅಂತ ಕೂಗಿದ್ದು ಕೇಳಿಸಿತು. ಅದು ನನಗೆ ಮನಸ್ಸಿಲ್ಲ. ಏಜೆಂಟ್ ನಮ್ಮ ಪರವಾಗಿ ಆಗಲೇ ಅಂಗಡಿಗೆ ಹಣ ಕಟ್ಟಿದ್ದಾರೆ. ತಪ್ಪು ಅಂಗಡಿಯದ್ದು, ಪೆಟ್ಟು ಬೀಳೋದು ಏಜೆಂಟ್ ಮೇಲೆ. ಅಲ್ಲಿ ಆ ಲೇಬಲ್ ಒತ್ತಿ ಹಿಡಿದ ಬೆರಳು ಇದೆಯಲ್ಲ, ಈಗ ನನ್ನ ಕೈ ಅಂತ ಅಲ್ಲಿರೋದು ಅದೊಂದೇ.

ಹೋದ ವರ್ಷದ ಟೀ ಪಾಟ್ ಇನ್ನೂ ಕಪಾಟಿನಲ್ಲಿದೆ. ನೀಲಿ ಬಣ್ಣದ್ದು. ಅದು ಬೇರೆ ಏಜೆಂಟ್. ಅವತ್ತೂ ಫೋಟೋ ಬಂದಿತ್ತು, ನಾನು ಕೆಲಸದ ಮಧ್ಯೆ ಬೆರಳಲ್ಲಿ ಸರಸರ ತಳ್ಳಿ "ಸರಿ" ಒತ್ತಿಬಿಟ್ಟಿದ್ದೆ. ಮೂರನೇ ಫೋಟೋದಲ್ಲಿ ಹಿಡಿಯ ಬುಡದಲ್ಲಿ ಒಂದು ಗೆರೆ ಇತ್ತು, ಕೂದಲು ಬಿದ್ದಿದೆ ಅಂದುಕೊಂಡೆ. ಅದು ಬಿರುಕು. ಆಮೇಲೆ ಬೇರೆ ಸಾಮಾನೆಲ್ಲ ಸೇರಲಿ, ಒಟ್ಟಿಗೆ ಕಳಿಸಿದರೆ ಖರ್ಚು ಕಡಿಮೆ ಅಂತ ನಲವತ್ತು ದಿನ ಗೋಡೌನಿನಲ್ಲೇ ಇಟ್ಟೆ. ಅಷ್ಟು ದಿನ ಇಟ್ಟುಕೊಳ್ಳೋಕೆ ಅವರು ಹಣ ಕೇಳಲಿಲ್ಲ, ಹಾಗಾಗಿ ಟೈಮ್ ಬೇಕಾದಷ್ಟಿದೆ ಅನ್ನಿಸಿತ್ತು. ಗೋಡೌನಿನಲ್ಲಿ ಇಟ್ಟುಕೊಳ್ಳೋ ಅವಧಿ ಬೇರೆ, ಅಂಗಡಿ ವಾಪಸ್ ತಗೊಳ್ಳೋ ಅವಧಿ ಬೇರೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದಾಗ ಹಿಡಿ ಒಂದು ಕಡೆ, ಪಾಟ್ ಒಂದು ಕಡೆ. ಏಜೆಂಟ್ ಕೇಳಿದ್ದು ಒಂದೇ ಮಾತು, ಫೋಟೋ ನೋಡಿ ನೀವೇ ಒಪ್ಪಿದ್ದಲ್ವಾ?

ಅಮ್ಮನಿಗೆ ಅಂತ ತರಿಸಿದ್ದು ಅದು. ಈಗಲೂ ಅದರಲ್ಲಿ ಪೆನ್ನು ಇಟ್ಟಿದ್ದಾರೆ, ಎಸೆಯೋಕೆ ಬಿಡಲ್ಲ.

ಅವತ್ತಿಂದ ಫೋಟೋ ದೊಡ್ಡದು ಮಾಡಿ ಮೂಲೆ ಮೂಲೆ ನೋಡ್ತೇನೆ. ಲೇಬಲ್ ಫೋಟೋ ಬೇಕು, ಸ್ಕೇಲ್ ಪಕ್ಕದಲ್ಲಿ ಇಟ್ಟ ಫೋಟೋ ಬೇಕು ಅಂತ ಆರ್ಡರ್ ಜೊತೆಗೇ ಬರೆದಿಡ್ತೇನೆ. ಕೆಲವು ಕಡೆ ಅದಕ್ಕೆ ಸ್ವಲ್ಪ ಹಣ ಕೇಳ್ತಾರೆ. ಕೊಡಬೇಕು. ಇನ್ನೊಂದು, ಶೂ ಡಬ್ಬ. ಡಬ್ಬ ತೆಗೆದು ಕಳಿಸಿ ಅಂತ ತುಂಬ ಜನ ಮೊದಲೇ ಹೇಳಿಬಿಡ್ತಾರೆ, ಯಾಕಂದರೆ ಕೊರಿಯರ್‌ನವರು ಗಾತ್ರದಿಂದಲೂ ತೂಕ ಲೆಕ್ಕ ಹಾಕ್ತಾರೆ. 35, 23, 13 ಸೆಂಟಿಮೀಟರ್ ಡಬ್ಬ ಅಂದುಕೊಳ್ಳಿ, ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ ಎರಡು ಕಿಲೋ ದಾಟುತ್ತದೆ, ಒಳಗಿನ ಶೂ ಒಂದು ಕಿಲೋ ಇದ್ದರೂ ಸರಿ. ಉಳಿತಾಯ ನಿಜ. ಆದರೆ ಎಲ್ಲ ನೋಡಿ ಒಪ್ಪೋವರೆಗೆ ಡಬ್ಬ ಎಸೆಯೋಕೆ ಹೇಳಬಾರದು. ಡಬ್ಬ ಇಲ್ಲ ಅಂದರೆ ವಾಪಸ್ ಬೇಡ ಅನ್ನೋಕೆ ಅಂಗಡಿಗೆ ಅದೊಂದು ನೆಪ ಸಾಕು.

ಇವತ್ತು ಮಧ್ಯಾಹ್ನದ ಮಾತುಕತೆ ಬರೆದಿಡಬೇಕು.

ನಿನ್ನೆಯೇ ವಾಪಸ್ ಕೇಳಿದ್ದೆ. ಬೆಳಿಗ್ಗೆ ನೋಡಿದರೆ ಏಜೆಂಟ್ ಕಡೆಯವರು ಫಾರ್ಮಿನಲ್ಲಿ ಕಾರಣ ಅನ್ನೋ ಕಡೆ "ಕಾರಣ ಇಲ್ಲದ ವಾಪಸ್" ಅಂತ ಹಾಕಿದ್ದಾರೆ. ಬೇಗ ಆಗಲಿ ಅಂತ ಹಾಗೆ ಮಾಡಿರಬೇಕು, ಕೆಟ್ಟ ಉದ್ದೇಶ ಇರಲಾರದು. ಆದರೆ ಕಾರಣ ಇಲ್ಲದೆ ವಾಪಸ್ ಕಳಿಸಿದರೆ ಅಂಗಡಿಗೆ ಕಳಿಸೋ ಕೊರಿಯರ್ ಖರ್ಚು ನಮ್ಮದು. ಬೇರೆ ವಸ್ತು ಕಳಿಸಿದ್ದಾರೆ ಅಂತ ಆದರೆ ಅಂಗಡಿಯದ್ದು. ಹಣಕ್ಕಿಂತ ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ನಮ್ಮ ತಪ್ಪಲ್ಲ, ಮನಸ್ಸು ಬದಲಾಯಿಸಿದವರ ಲೆಕ್ಕಕ್ಕೆ ನಮ್ಮನ್ನು ಸೇರಿಸಿದರೆ ಹೇಗೆ?

ಚಾಟ್‌ನಲ್ಲಿ ಒಬ್ಬರು ಸಿಕ್ಕಿದರು. ಆ ಕಡೆ ಈ ಕಡೆ ಎರಡೂ ಯಂತ್ರದ ಅನುವಾದ, ಹಾಗಾಗಿ ಉದ್ದ ಬರೆದರೆ ಅರ್ಥ ಕೆಡುತ್ತದೆ. ಒಂದೊಂದು ಸಾಲು ಮಾತ್ರ ಬರೆದೆ. ಆರ್ಡರ್ 2.5. ಬಂದಿದ್ದು 1.5. ಲೇಬಲ್ ಫೋಟೋ ನೋಡಿ. ಅಂಗಡಿಯ ಪುಟದ ಫೋಟೋ ನೋಡಿ. ಕಾರಣ ಬದಲಾಯಿಸಿ. ಎರಡು ಫೋಟೋ ಅಕ್ಕಪಕ್ಕ ಇಟ್ಟು ಕೆಂಪು ಸುತ್ತು ಹಾಕಿ ಕಳಿಸಿದೆ.

ಇಪ್ಪತ್ತು ನಿಮಿಷ ಉತ್ತರ ಇಲ್ಲ. ಆಮೇಲೆ ಬಂತು: ಅಂಗಡಿ ಹೇಳುತ್ತಿದೆ, ಎರಡೂ ಒಂದೇ, ಉದ್ದ ಒಂದೇ, ಹಾಕಿಕೊಳ್ಳಬಹುದು.

ಎದೆ ಬಡಿತ ಜಾಸ್ತಿ ಆಯಿತು. ಏನು ಬರೆಯಬೇಕು ಗೊತ್ತಾಗದೆ, ಅಪ್ಪನ ಪಾದದ ಗೆರೆ ಇದ್ದ ಪೇಪರಿನ ಫೋಟೋ ತೆಗೆದು ಕಳಿಸಿಬಿಟ್ಟೆ. ಕೆಳಗೆ ಬರೆದೆ, ಇದು ನನ್ನ ತಂದೆಯ ಕಾಲು. ಉದ್ದದ ಪ್ರಶ್ನೆ ಅಲ್ಲ.

ಈ ಸಲ ಐದೇ ನಿಮಿಷ. ಕಾರಣ ಬದಲಾಯಿಸಿದ್ದೇನೆ, ಲೇಬಲ್ ಇನ್ನೊಂದು ಸಲ ಹತ್ತಿರದಿಂದ ಫೋಟೋ ತೆಗೆಸಿ ಅಂಗಡಿಗೆ ಕಳಿಸ್ತೇನೆ, ಅಂತ ಬಂತು. ಅದರ ಕೆಳಗೆ ಇನ್ನೊಂದು ಸಾಲು: ನನ್ನ ತಂದೆಗೂ ಹೀಗೇ. ಅನುವಾದ ಸರಿ ಇದೆಯೋ ಇಲ್ಲವೋ. ಆ ಸಾಲು ಎಷ್ಟೋ ಹೊತ್ತು ನೋಡ್ತಾ ಕೂತೆ.

ಕ್ಯಾಮೆರಾ ಹುಚ್ಚಿನ ಗೆಳತಿಗೆ ಇದನ್ನು ಹೇಳಿದರೆ, "ನಿನಗೆ ಏಳು ದಿನವಾದರೂ ಇದೆ," ಅಂದಳು. ಅವಳು ಜಪಾನಿನಿಂದ ಹಳೇ ಲೆನ್ಸ್ ತರಿಸೋದು. ಅಲ್ಲಿ ಜನ ತಮ್ಮ ಹಳೇ ಸಾಮಾನು ಮಾರೋ ಮೆರ್ಕಾರಿ ಅನ್ನೋ ಆ್ಯಪ್‌ನಲ್ಲಿ ಕೊಂಡವರು ವಸ್ತು ಸಿಕ್ಕಿತು ಅಂತ ರೇಟಿಂಗ್ ಕೊಟ್ಟ ಮೇಲೆ ಮಾರಿದವರಿಗೆ ಹಣ ಸೇರುತ್ತದೆ. ಏಜೆಂಟ್ ಮೂಲಕ ಕೊಂಡಾಗ ಆ ರೇಟಿಂಗ್ ಕೊಡೋದೂ ಏಜೆಂಟೇ. ಪಾರ್ಸೆಲ್ ಗೋಡೌನಿಗೆ ಬಂದ ಮೇಲೆ ರೇಟಿಂಗ್ ಹೋಯಿತು ಅಂದರೆ ವ್ಯವಹಾರ ಮುಗಿದ ಹಾಗೆ. ಲೆನ್ಸ್ ಒಳಗೆ ಫಂಗಸ್ ಇದ್ದರೆ ಇವಳಿಗೆ ಗೊತ್ತಾಗೋದು ತಿಂಗಳಾದ ಮೇಲೆ. ಹಾಗಾಗಿ ಅವಳು ಕೊಳ್ಳೋ ಮೊದಲೇ ಮಾರುವವರಿಗೆ ಪ್ರಶ್ನೆ ಕೇಳಿಸ್ತಾಳೆ, ಆಮೇಲೆ ಕೇಳೋಕೆ ಏನೂ ಉಳಿಯಲ್ಲ ಅಂತ.

ಈಗಿನ ಚಿಂತೆ ಇನ್ನೊಂದು. ವಾಪಸ್ ಮಾಡಿ ಹೊಸದಾಗಿ ಕೊಳ್ಳೋದಾ, ಅಥವಾ ಬದಲಾಯಿಸಿ ಕೇಳೋದಾ? ಸಾಮಾನ್ಯವಾಗಿ ಏಜೆಂಟ್‌ಗಳು ವಾಪಸ್ ಮಾಡಿ ಹೊಸ ಆರ್ಡರ್ ಹಾಕಿ ಅಂತಾರೆ, ಬೇಗ ಆಗುತ್ತದೆ, ತಲೆನೋವಿಲ್ಲ. ಬದಲಾಯಿಸೋದಾದರೆ ಹಳೇದು ಅಂಗಡಿ ತಲುಪಬೇಕು, ಅವರು ನೋಡಬೇಕು, ಆಮೇಲೆ ಹೊಸದು ಹೊರಡಬೇಕು, ಮಧ್ಯದಲ್ಲಿ ಸ್ಟಾಕ್ ಮುಗಿದರೆ ಮತ್ತೆ ಮೊದಲಿಂದ. ಆದರೆ ನಾನು ಕೊಂಡಿದ್ದು ಕಡಿಮೆ ಬೆಲೆಗೆ. ಇವತ್ತು ಪುಟದಲ್ಲಿ ಬೆಲೆ ಏರಿದೆ. ಬದಲಾಯಿಸಿದರೆ ಹಳೇ ಬೆಲೆಯೇ ಉಳಿಯುತ್ತದೆ. ರೀಫಂಡ್ ಬಂದರೂ ಅದು ನನ್ನ ಕಾರ್ಡಿಗೆ ಬರಲ್ಲ, ಏಜೆಂಟ್ ವ್ಯಾಲೆಟ್‌ಗೆ ಯುವಾನ್‌ನಲ್ಲಿ ಬಂದು ಕೂರುತ್ತದೆ, ಹೊರಗೆ ತೆಗೆಯೋಕೆ ಹೋದರೆ ವಿನಿಮಯದಲ್ಲಿ ಸ್ವಲ್ಪ ಕರಗುತ್ತದೆ. ಬದಲಾಯಿಸಿ ಅಂತಲೇ ಬರೆದೆ. ಜೊತೆಗೆ, ಹೊಸ ಜೋಡಿ ಬಂದ ದಿನವೇ ಲೇಬಲ್ ಫೋಟೋ ಕಳಿಸಿ, ಕಾಯಿಸಬೇಡಿ ಅಂತಲೂ.

ಸಂಜೆ ಅಪ್ಪ ವಾಕಿಂಗ್ ಮುಗಿಸಿ ಬಂದು ಬಾಗಿಲ ಹತ್ತಿರ ಕೂತು ಶೂ ಕಳಚಿದರು. ಎಡಗಾಲಿನದು ಬಿಡಿಸೋಕೆ ಜಾಸ್ತಿ ಹೊತ್ತು ಹಿಡಿಯಿತು. "ನಿನ್ನ ಶೂ ಯಾವಾಗ ಬರುತ್ತೆ?" ಅಂತ ಕೇಳಿದರು. ನನ್ನ ಶೂ ಅಂತಾರೆ, ತಮ್ಮದು ಅನ್ನಲ್ಲ. ಸ್ವಲ್ಪ ತಡ ಆಗುತ್ತೆ ಅಪ್ಪ ಅಂದೆ. "ಅವಸರ ಏನಿಲ್ಲ," ಅಂದು ಪಾದ ತಿಕ್ಕಿಕೊಳ್ತಾ ಕೂತರು. ಬೆರಳುಗಳ ಬುಡದಲ್ಲಿ ಶೂ ಅಂಚಿನ ಗುರುತು ಕೆಂಪಗೆ ಮೂಡಿತ್ತು.

11.15

ಈಗ ತಾನೇ ಚಾಟ್ ಬಂತು. ಅಂಗಡಿ ಒಪ್ಪಿದೆ, ಕೊರಿಯರ್ ಖರ್ಚು ಅವರದ್ದೇ. ಆದರೆ 2.5 ಈಗ ಸ್ಟಾಕ್ ಇಲ್ಲ, 2 ಇದೆಯಂತೆ. ಆಗುತ್ತದಾ, ನಾಳೆ ಬೆಳಿಗ್ಗೆ ಒಳಗೆ ಹೇಳಿ ಅಂತ ಕೇಳಿದ್ದಾರೆ. ಮೂರೂವರೆ ಮಿಲಿಮೀಟರ್ ವ್ಯತ್ಯಾಸ.

ನನ್ನ ಹತ್ತಿರ ಇರೋ ಅಳತೆ ಬೆಳಿಗ್ಗೆ ತೆಗೆದದ್ದು. ಸಂಜೆ ಹೊತ್ತಿಗೆ ಕಾಲು ಊದಿರುತ್ತದೆ, ಇವತ್ತು ಕಣ್ಣಾರೆ ನೋಡಿದೆ, ಆಗಲೇ ಟೇಪ್ ತಂದು ಸುತ್ತಿ ನೋಡಬೇಕಿತ್ತು. ಈಗ ಅವರು ಮಲಗಿದ್ದಾರೆ. ರಾತ್ರಿ ಕಳೆದರೆ ಊತ ಇಳಿದುಬಿಡುತ್ತದೆ. ಟೇಪ್ ಕೈಯಲ್ಲಿದೆ. ಹೊದಿಕೆ ಆಚೆ ಎಡಗಾಲು ಚಾಚಿಕೊಂಡಿದೆ, ಮೆಲ್ಲಗೆ ಸುತ್ತಿದರೆ ಎಚ್ಚರ ಆಗದೇ ಇರಬಹುದು, ಆದರೆ ಆ ಕಿರುಬೆರಳ ಹತ್ತಿರ ಮುಟ್ಟಿದರೆ